ಗೋಡೆಯ ಸಂಬಳ

ಬುರ್ಗಲ್ ರಂಗದ ಮುಂದಿನ ಗುಂಡಿಯಲ್ಲಿ ಕುಳಿತು ನಟರಿಗೆ ಮಾತು ಹೇಳಿಕೊಡುವ ಹೆಂಗಸು. ವಿಯೆನ್ನಾದ ಹೊರಬೀದಿಯ ಆ ನಾಟಕಶಾಲೆಯಲ್ಲಿ ಅವಳ ಪಿಸುಮಾತಿಲ್ಲದೆ ಬಾಯಿಬಿಡುತ್ತಿದ್ದವನು ಕ್ರಾನವೆಟ್ಟರ್ ಒಬ್ಬನೇ. ನಾಟಕ ಬರೆಯುವವನೂ ಅವನೇ, ಮುಖ್ಯ ವೇಷ ಹಾಕುವವನೂ ಅವನೇ. ನಾಲಿಗೆಗೆ ಮಾತ್ರ ಲಗಾಮಿಲ್ಲ. ಸರ್ಕಾರ ಒಪ್ಪಿ ಮುದ್ರೆಯೊತ್ತಿದ ಪುಸ್ತಕದಲ್ಲಿಲ್ಲದ ಮಾತೊಂದನ್ನು ಆಡಿ, ಹೋದ ಚಳಿಗಾಲದಲ್ಲಿ ಜೈಲು ನೋಡಿ ಬಂದಿದ್ದ. ಇನ್ನೊಮ್ಮೆ ಆಡಿದರೆ ಜನ್ಮದಲ್ಲಿ ರಂಗ ಹತ್ತಲು ಬಿಡೆವು ಎಂದು ಪೊಲೀಸರು ಹೇಳಿ ಕಳಿಸಿದ್ದರು.

ರಂಗವಿಲ್ಲದ ಕ್ರಾನವೆಟ್ಟರನನ್ನು ನೆನೆಸಿಕೊಂಡರೇ ಬುರ್ಗಲ್‌ಗೆ ಭಯ. ದೊಡ್ಡ ಕವಿಗಳು ಅರಮನೆಯ ರಂಗಕ್ಕೆ ಬರೆದುಕೊಳ್ಳಲಿ. ಬಟ್ಟೆ ಒಗೆಯುವವಳು ಮರುದಿನ ನದಿ ದಂಡೆಯಲ್ಲಿ ಹೇಳಿಕೊಂಡು ನಗುವಂಥ ಮಾತು ಬರೆಯಬಲ್ಲವನು ಇವನೊಬ್ಬನೇ ಎಂದು ಅವಳು ಯಾರೊಂದಿಗಾದರೂ ಜಗಳಕ್ಕೆ ನಿಲ್ಲುತ್ತಿದ್ದಳು.

ಹೊಸ ನಾಟಕದಲ್ಲಿ ಅವನದು ಚಪ್ಪಲಿ ಹೊಲಿಯುವವನ ವೇಷ. ಯಾಕಿಷ್ಟು ಮೆಲ್ಲಗೆ ಮಾತಾಡುತ್ತೀಯೆಂದು ಗೆಳೆಯ ಕೇಳಿದಾಗ, "ಬೇರೆ ಊರಲ್ಲಿ ಗೋಡೆಗೆ ಕಿವಿ ಮಾತ್ರ. ನಮ್ಮೂರಲ್ಲಿ ಸಂಬಳಾನೂ ಉಂಟು" ಎನ್ನಬೇಕು. ಸರ್ಕಾರದ ತಪಾಸಣೆಯವರು ಅದನ್ನು ಹೊಡೆದುಹಾಕಿ, "ಗಂಟಲು ನೋವು" ಎಂದು ಬರೆದು ಕಳಿಸಿದ್ದರು.

"ಗಂಟಲು ನೋವಂತೆ, ಬುರ್ಗಲಕ್ಕ! ಇಂಥ ಜಾಣರು ಇರೋವಾಗ ನಾನ್ಯಾಕೆ ನಾಟಕ ಬರೀಬೇಕು?"

"ಅದನ್ನೇ ಹೇಳಪ್ಪ, ನಿನಗೆ ಕೈ ಮುಗೀತೀನಿ. ಆಮೇಲೆ ಬಾಯಿ ಮುಚ್ಕೊಂಡಿರು."

"ಆಯ್ತು. ಬಾಯಿ ಮುಚ್ಕೊಂಡಿರ್ತೀನಿ" ಎಂದ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೇ ಅವಳಿಗೆ ದಿಗಿಲಾಯಿತು.

ಅಂದು ಮುಂದಿನ ಸಾಲಿನಲ್ಲಿ ಪೊಲೀಸ್ ಕಮಿಷನರ್ ಹೋಲ್ಟ್ಸಿಂಗರ್ ಮುದ್ರೆಯೊತ್ತಿದ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದ. ಆ ಜಾಗ ಬಂತು. ಬುರ್ಗಲ್ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

"ಗಂಟಲು ನೋವು" ಎಂದ ಕ್ರಾನವೆಟ್ಟರ್, ಒಳ್ಳೆಯ ಹುಡುಗನ ಹಾಗೆ.

ಆಮೇಲೆ ಜೇಬಿಗೆ ಕೈಹಾಕಿ ಒಂದು ಕಾಸು ತೆಗೆದ. ತುದಿಗಾಲಲ್ಲಿ ಹೋಗಿ, ರಂಗದ ಗೋಡೆಯ ಬುಡದಲ್ಲಿ ಅದನ್ನಿಟ್ಟು, ಟೋಪಿ ತೆಗೆದು ಗೋಡೆಗೆ ಬಗ್ಗಿ ನಮಸ್ಕಾರ ಹಾಕಿದ.

ಮೇಲಟ್ಟದಿಂದ ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ನಾಟಕಶಾಲೆ ಬಿದ್ದು ಬಿದ್ದು ನಕ್ಕಿತು. ಗುಂಡಿಯೊಳಗೆ ಬುರ್ಗಲ್‌ಗೆ ಕಣ್ಣೀರೇ ಬಂತು. ಎಂಥ ಮನುಷ್ಯ ಇವನು! ಮಾತು ಕಿತ್ತುಕೊಂಡರೂ ಬರೆಯುತ್ತಾನಲ್ಲ!

ಪರದೆ ಬಿದ್ದದ್ದೇ ತಡ, ಕಮಿಷನರ್ ದುಮುದುಮು ಎನ್ನುತ್ತ ರಂಗದ ಮೇಲೆಯೇ ಬಂದ. "ಎಲ್ಲಿ ಆ ಹೆಂಗಸು? ಪುಸ್ತಕದಲ್ಲಿಲ್ಲದ್ದು ಏನು ಹೇಳಿದ ಇವನು?"

"ಒಂದಕ್ಷರಾನೂ ಇಲ್ಲ ಸಾಹೇಬ್ರೆ. ನಿಮ್ಮ ಪುಸ್ತಕಾನೇ ನೋಡಿ."

"ಮತ್ತೆ ಜನ ನಕ್ಕಿದ್ದು ಯಾಕೆ?"

ಬುರ್ಗಲ್ ತನ್ನ ಪುಸ್ತಕ ಮುಚ್ಚಿದಳು. "ಯಾಕೆ ಅಂತ ತಾವೇ ವರದಿ ಬರೀರಿ ಸಾಹೇಬ್ರೆ. ನಾನು ಸಾಕ್ಷಿ ರುಜು ಹಾಕ್ತೀನಿ."

ಕಮಿಷನರ್ ಸೀಸದಕಡ್ಡಿ ತೆಗೆದ. ಗೋಡೆ ನೋಡಿದ, ಕಾಸು ನೋಡಿದ. ಬರೆಯಬೇಕಾದರೆ ಹೊಡೆದುಹಾಕಿದ ಮಾತನ್ನೇ ತನ್ನ ಕೈಯಾರೆ ಬರೆಯಬೇಕು. ಕಿವಿಯವರೆಗೂ ಕೆಂಪಾಗಿ ಸೀಸದಕಡ್ಡಿ ಒಳಗಿಟ್ಟ. ಬರಿಗೈಲಿ ಹೋಗಲು ಮನಸ್ಸಾಗದೆ, "ಇದು ಪುರಾವೆ!" ಎಂದು ಬಗ್ಗಿ ಗೋಡೆ ಬುಡದ ಕಾಸನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಅವನ ಹಿಂದೆ ಬಾಗಿಲು ಮುಚ್ಚಿತು.

"ಬುರ್ಗಲಕ್ಕ," ಎಂದ ಕ್ರಾನವೆಟ್ಟರ್ ಟೋಪಿ ಹಾಕಿಕೊಳ್ಳುತ್ತ, "ಸಂಬಳ ಬಟವಾಡೆ ಆಯ್ತು."