ಗಾಫ್ ಟೊಂಗೆಯ ಪಕ್ಕದ ಹೆಬ್ಬೆರಳು

ಬಕೆಟ್ಟಿನ ನೀರು ಹಳದಿ, ಯಾಕೆ ಹಳದಿ, ನೀಲಿ ಬಟ್ಟೆ ನೆನೆಸಿದರೆ ನೀರು ನೀಲಿಯಾಗಬೇಕಲ್ಲ — ಹೇಝಲ್, ಇಲ್ಲಿ ಬಾ ನೋಡು, ಅನ್ನಲು ಬಾಯಿ ತೆರೆದು ಮುಚ್ಚಿದೆ, ಹೆಂಡತಿ ತೀರಿಹೋಗಿ ಮೂವತ್ತೆಂಟು ದಿನ, ನನ್ನ ಬಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಎತ್ತಿ ನೋಡಿದರೆ ಕಡುನೀಲಿ ಇದ್ದ ಬಟ್ಟೆ ಹಳೇ ಬನಿಯನ್ನಿನ ಬಣ್ಣ, ಒಂದು ಹಿಡಿ ಸೋಪಿನ ಪುಡಿ, ಮೇಲಿಂದ ವಾಷಿಂಗ್ ಸೋಡಾ, ಒಗೆಯದ ಬಟ್ಟೆಯನ್ನು ಹಸುಳೆಯ ಮೈಗೆ ಸೋಕಿಸಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳಲ್ಲ, ನಾನು ಮಾಡಿದ್ದು ಅಷ್ಟೇ. ಜೇನ್ ನಿನ್ನೆ ಆಸ್ಪತ್ರೆಯಿಂದ ಫೋನಿನಲ್ಲಿ, ಪಪ್ಪಾ, ನಂಗೆ ಬೇರೆ ಎಂತದೂ ಬೇಡ, ಮಮ್ಮಿ ಮಾಡಿಟ್ಟ ಬಟ್ಟೆಯಲ್ಲಿ ಸುತ್ತಿಯೇ ಮಗುವನ್ನು ಮನೆಯೊಳಗೆ ತರ್ಬೇಕು, ಅದೊಂದು ರೆಡಿ ಇಡಿ — ಇರುವುದೊಬ್ಬಳೇ ಮಗಳು, ಕೇಳಿದ್ದು ಅದೊಂದೇ. ಸೋಪು ಮುಟ್ಟಿಸ್ಬೇಡಿ ಮಾರಾಯ್ರೆ, ಬರೇ ನೀರು ಸಾಕು, ಹೇಝಲ್ ಎಷ್ಟು ಸಲ ಹೇಳಿದ್ದಳು, ನಾನು ಟಿವಿ ನೋಡುತ್ತಾ ಹೂಂ ಅಂದೆ, ಮೂವತ್ತು ವರ್ಷದ ಸಂಸಾರವನ್ನು ಹೂಂ ಅನ್ನುತ್ತಲೇ ಕಳೆದ ಗಂಡಸು ನಾನು. ಈಗ ಗಂಟೆ ಹನ್ನೊಂದೂವರೆ, ಅಳಿಯ ಜೇಮ್ಸ್ ಆಗಲೇ ಫೋನ್ ಮಾಡಿದ, ಡಿಸ್ಚಾರ್ಜ್ ಆಯ್ತು, ಹೊರಟೆವು.

ಹೇಝಲ್ ಶಾಲೆಯ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆಗಿದ್ದವಳು, ಅಲ್ಲೇ ಯಾವುದೋ ಪುಸ್ತಕದಲ್ಲಿ ಒಬ್ಬಳು ಇಂಗ್ಲಿಷ್ ಹೆಂಗಸು ಸಿಕ್ಕಿದ್ದು, ನೂರೆಂಬತ್ತು ವರ್ಷದ ಹಿಂದಿನವಳಂತೆ, ಮದ್ದು ಹಚ್ಚಿದ ಕಾಗದದ ಮೇಲೆ ಕಡಲ ಪಾಚಿ ಇಟ್ಟು ಬಿಸಿಲಿಗೆ ಹಿಡಿದು, ಬಿಸಿಲು ಬಿದ್ದಲ್ಲಿ ನೀಲಿ, ಪಾಚಿ ಇದ್ದಲ್ಲಿ ಬಿಳಿ, ಹಾಗೇ ಒಂದು ಪುಸ್ತಕವನ್ನೇ ಮಾಡಿದಳಂತೆ, ಕ್ಯಾಮೆರಾ ಇಲ್ಲದೆ ಫೋಟೋ ಫ್ರೆಡ್ಡಿ, ಯೋಚನೆ ಮಾಡಿ! ಅಂದಿದ್ದಳು ನನ್ನ ಹತ್ತಿರ. ಆಮೇಲೆ ಇಲ್ಲಿ ಮಸ್ಕತ್ತಿನಲ್ಲಿ ನಮ್ಮ ಅಲ್ ಹೈಲ್ ಬೀಚಿಗೆ ಹೋದರೆ ಜನ ಮೀನು ತರುತ್ತಾರೆ, ನನ್ನ ಹೆಂಡತಿ ಪಾಚಿ ತರುತ್ತಾಳೆ ಅಂತ ಹಮ್ರಿಯಾದ ಗೆಳೆಯರೆದುರು ನಕ್ಕೆ, ಅವಳೂ ನಕ್ಕಳು. ಕೊನೆಯದು ಈ ಬಟ್ಟೆ, ಕೀಮೋ ಆಗಿ ಮೂರನೇ ದಿನ, ಹುಟ್ಟುವ ಮೊಮ್ಮಗುವಿಗೆ ಅಂತ ಹಠ ಹಿಡಿದು ಟೆರೇಸು ಹತ್ತಿದಳು, ರಸ್ತೆ ಬದಿಯ ಗಾಫ್ ಮರದ ಟೊಂಗೆಯನ್ನು ಮದ್ದು ಹಚ್ಚಿದ ಬಟ್ಟೆಯ ಮೇಲಿಟ್ಟಳು, ಬಟ್ಟೆ ದೊಡ್ಡದು, ಮೇಲೆ ಒತ್ತಲು ಗಾಜು ಸಾಲಲಿಲ್ಲ, ಗಾಳಿಗೆ ಟೊಂಗೆ ಏಳುತ್ತಿತ್ತು, ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಕೂತಳು. ತಲೆಯಲ್ಲಿ ಒಂದು ಕೂದಲಿಲ್ಲ, ಮಸ್ಕತ್ತಿನ ಬಿಸಿಲು, ನನಗೆ ತಡೆಯಲಾಗದೆ ಕೊಡೆ ಹಿಡಿದೆ, ಕೊಡೆ ತೆಗೀರಿ ಮಾರಾಯ್ರೆ, ನೆರಳು ಬಿದ್ರೆ ಚಿತ್ರ ಬರುವುದಿಲ್ಲ! ತೆಗೆದೆ. ಎಂಟು ನಿಮಿಷ ಅವಳು ಬಿಸಿಲಲ್ಲಿ, ನಾನು ಮುಚ್ಚಿದ ಕೊಡೆ ಹಿಡಿದು ಪಕ್ಕದಲ್ಲಿ. ತೊಳೆದ ಮೇಲೆ ನೋಡಿದರೆ ಟೊಂಗೆಯ ಬುಡಕ್ಕೆ ಅವಳ ಹೆಬ್ಬೆರಳು ಬೆಳ್ಳಗೆ ಮೂಡಿತ್ತು, ಹಾಳಾಯ್ತಲ್ಲ ಹೇಝಲ್, ಅಂದೆ, ಇರಲಿ, ಅಜ್ಜಿ ಹಿಡ್ಕೊಂಡಿದ್ದಾಳೆ ಅಂತ ಮಗುವಿಗೆ ಗೊತ್ತಾಗ್ಲಿ.

ಕಿಟಕಿಯ ಬೆಳಕಿಗೆ ಹಿಡಿದೆ, ಇತ್ತು, ಮಾಸಲು ಹಳದಿಯ ನಡುವೆ ಟೊಂಗೆ ತೆಳ್ಳಗೆ ಇತ್ತು, ಪಕ್ಕದಲ್ಲಿ ಹೆಬ್ಬೆರಳೂ ಇತ್ತು, ಅಲ್ಲಿಗೇ ಬಿಟ್ಟಿದ್ದರೆ, ದೇವರೇ, ಅಲ್ಲಿಗೇ ಬಿಟ್ಟಿದ್ದರೆ — ಆದರೆ ಜೇನ್ ನೀಲಿ ಬಟ್ಟೆ ಕೇಳುತ್ತಾಳೆ, ಹಳದಿ ಕೊಟ್ಟರೆ ಅಳುತ್ತಾಳೆ, ಹಸಿ ಬಾಣಂತಿ, ಕಪಾಟಿನಲ್ಲಿ ನೀಲಿಯ ಬಾಟಲಿ ಕಂಡಿತು, ನನ್ನ ಆಫೀಸಿನ ಬಿಳಿ ಶರ್ಟುಗಳಿಗೆ ಅವಳು ಹಾಕುತ್ತಿದ್ದ ನೀಲಿ, ಅವಳು ಹಾಕುತ್ತಿದ್ದದ್ದು ಹನಿ, ನಾನು ಅರ್ಧ ಬಾಟಲಿ ಸುರಿದೆ, ಅದ್ದಿದೆ, ಹಿಂಡಿದೆ, ಬಿಡಿಸಿದೆ. ನೀಲಿಯಾಗಿದೆ. ಎಲ್ಲಾ ನೀಲಿಯಾಗಿದೆ, ಎಲೆ ನೀಲಿ, ಟೊಂಗೆ ನೀಲಿ, ನನ್ನ ಕೈ ನೀಲಿ, ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ, ಇನ್ನೊಮ್ಮೆ ತಿರುಗಿಸಿದೆ — ಬೆಲ್ ಆಗುತ್ತಿದೆ, ಬಾಗಿಲಾಚೆ ಒಂದು ಸಣ್ಣ ಅಳು, ನಾನು ಇನ್ನೂ ಕೇಳಿರದ ಅಳು, ಪಪ್ಪಾ, ಬಟ್ಟೆ ತನ್ನಿ, ಮಗು ಹೊರಗೇ ಉಂಟು, ಬಂದೆ ಮಗಾ, ಬಂದೆ, ಎಲ್ಲಿ, ಬುಡದ ಎಡಕ್ಕಲ್ಲವಾ, ಈಗಷ್ಟೇ ನೋಡಿದ್ದೆನಲ್ಲ, ಇಲ್ಲೇ ಇತ್ತು, ಇಲ್ಲೇ, ಬೆಳ್ಳಗೆ, ಅವಳ ಹೆಬ್ಬೆರಳು