ಪೀರಪ್ಪನ ನಾಲಿಗೆ

ನಿಜಾಮರ ಸರ್ಕಾರ ಕಮಲಾಪುರದ ಹಳ್ಳದ ದಂಡೆಯ ಈಚಲ ಗಿಡಗಳಿಗೆ ಕೆತ್ತಲು ಬೇಕಾದಷ್ಟು ನಂಬರ್ ಹಾಕಲಿ, ಹೂಂ ಅನ್ನಬೇಕಾದವನು ಪೀರಪ್ಪ. ಸಿಂದಿ, ಅಂದರೆ ಈಚಲ ಹೆಂಡ, ಇಳಿಸುವ ಮನೆತನದ ಹಿರಿಯ. ಹಂಗಾಮಿನ ಮೊದಲಿಗೆ ಪ್ರತಿ ಗಿಡಕ್ಕೂ ಸಣ್ಣ ಗಾಯ ಮಾಡಿ, ಒಸರಿದ ರಸವನ್ನು ಅವನಿಗೆ ಕುಡಿಸುವುದು ಪದ್ಧತಿ. ನುಂಗಿದರೆ ಗಿಡ ಕೆತ್ತಬಹುದು. ಉಗುಳಿದರೆ ಅದು ದಣಿದಿದೆ, ಆ ವರ್ಷ ಯಾರೂ ಕತ್ತಿ ತಾಗಿಸುವಂತಿಲ್ಲ. ತಾಗಿಸಿದರೆ ಸುಳಿ ಒಣಗಿ ಸಾಯುತ್ತದೆ. ಗಿಡದ ಬುಡದಲ್ಲಿ ಹಿರಿಯನಿಗೆ ಎದುರಾಡುವುದು ಆ ಮನೆತನದಲ್ಲಿ ಇಲ್ಲವೇ ಇಲ್ಲ.

ಕಲಬುರಗಿಯ ಗುತ್ತೇದಾರನಿಗೆ ಮಾತ್ರ ಎಷ್ಟು ಗಿಡವಾದರೂ ಸಾಲದು. ಊರೂರಿನ ಸಿಂದಿಯನ್ನು ಒಂದೇ ತೊಟ್ಟಿಗೆ ಸುರಿಸಿ, ನೀರು ಬೆರೆಸಿ, ಸಕ್ಕರೆ ಕಲಸಿ, ಪೀಪಾಯಿ ತುಂಬಿಸಿ ಅಂಗಡಿಗಳಿಗೆ ಕಳಿಸುತ್ತಿದ್ದ. ಕತ್ತೆ ಕುದುರೆ ಒಂದೇ ಗೂಟಕ್ಕೆ! ಹುಣ್ಣಿಮೆಗೂ ಅದೇ ರುಚಿ, ಅಮಾವಾಸ್ಯೆಗೂ ಅದೇ. ಗಿಡದ ಸಿಂದಿ ಬೆಳಗ್ಗೆ ಒಂದು ರುಚಿ, ಮಧ್ಯಾಹ್ನಕ್ಕೆ ಇನ್ನೊಂದು.

ಪೀರಪ್ಪನ ಮಗ ಚಂದ್ರಶಾನ ಜೀವವೆಲ್ಲ ಅಜ್ಜ ನೆಟ್ಟ ಗಿಡದ ಮೇಲಿತ್ತು. ಹೋದ ವರ್ಷ ಕೆತ್ತಿದ್ದಕ್ಕೆ ಅದು ಸೊರಗಿತ್ತು. ಗುಟ್ಟಾಗಿ ತಾನೇ ನೆಕ್ಕಿ ನೋಡಿದ್ದ. ರಸ ಬರೀ ನೀರು, ದಣಿದ ಗಿಡದ ಗುರುತು. ಅಪ್ಪ ಉಗುಳಿದರೆ ಸಾಕು, ಗಿಡ ಉಳಿದಂತೆ.

ರಸ ಕುಡಿಸುವ ದಿನ, ಸರ್ಕಾರದ ನಂಬರ್ ಬರೆಯಲು ಬಂದ ಗುತ್ತೇದಾರನ ಜವಾನ ನಬಿಸಾಬ್ ಚಪ್ಪಲಿ ಬಿಟ್ಟು ಆ ಗಿಡದ ಬುಡದಲ್ಲಿ ನಿಂತ. “ಪೀರಪ್ಪ ಬ್ಯಾಡ ಅಂದ್ರ ನಾ ಇದಕ್ಕ ನಂಬರ್ ಹಾಕಂಗಿಲ್ಲ. ಖುದಾ ಕಸಂ.”

ಚಂದ್ರಶಾ ಅಪ್ಪನ ಬೊಗಸೆಗೆ ರಸ ಬಗ್ಗಿಸಿದ. ಪೀರಪ್ಪ ಬಾಯಿ ಚಪ್ಪರಿಸಿ ನುಂಗಿಬಿಟ್ಟ.

“ಛಲೋ ಅದ. ನೀ ದಿನಾ ತರ್ತಿಯಲ್ಲ, ಅದರಷ್ಟು ಸಿಹಿ ಇಲ್ಲ. ಆದ್ರೂ ಛಲೋ ಅದ. ಗಿಡ ಹತ್ತು.”

ಆ ಸಿಹಿ ಗಿಡದ್ದಲ್ಲ, ಸಕ್ಕರೆಯದು ಎಂದು ಚಂದ್ರಶಾನಿಗೆ ಹೊಳೆಯಿತು. ಅಪ್ಪ ಗಿಡದಿಂದ ಬಿದ್ದು, ಕಾಲು ಮುರಿದು ಮೂಲೆ ಹಿಡಿದಾಗಿನಿಂದ ಪೀಪಾಯಿಯ ಸಿಂದಿಯನ್ನು ಅಂಗಡಿಯಿಂದ ತಂದು, ಪ್ರೀತಿಯಿಂದ ಕುಡಿಸಿದವನು ಅವನೇ. ಇಳಿಸಿದ್ದೆಲ್ಲ ಗುತ್ತೇದಾರನ ಬಂಡಿ ಏರುತ್ತಿತ್ತು, ಮತ್ತೇನು ತರಬೇಕಿತ್ತು?

“ಯಪ್ಪಾ, ಇನ್ನೊಮ್ಮಿ ಕುಡದು ನೋಡು.”

“ಯಾಕ? ನನ್ನ ನಾಲಿಗಿ ಮ್ಯಾಲ ನಂಬಿಕಿ ಇಲ್ಲೇನು?” ಪೀರಪ್ಪ ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದ. ಮೂಲೆಯ ಮುದುಕನನ್ನು ಇವತ್ತು ನಾಲ್ಕು ಜನ ಹೊತ್ತು ತಂದು ಕೇಳಿದ್ದರು.

ಅಂಗಡಿಯ ಸಿಂದಿಯ ಮಾತು ಹೇಳಲು ಬಾಯಿ ತೆರೆದ ಚಂದ್ರಶಾ ಆ ನಗು ನೋಡಿ ಹಗ್ಗ ಎತ್ತಿಕೊಂಡ. ನಬಿಸಾಬ್ ನಂಬರ್ ಬರೆದ. ಚಂದ್ರಶಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತಿದ. ಕತ್ತಿಯನ್ನು ಮೇಲುಮೇಲಕ್ಕೆ ಆಡಿಸಿದ.

“ಆಳಕ್ಕ ಕೆತ್ತೋ!” ಕೆಳಗಿನಿಂದ ಪೀರಪ್ಪ ಕೂಗಿದ. “ನಮ್ಮಪ್ಪ ಹಚ್ಚಿದ ಗಿಡ ಅದು, ತಡೀತದ.”