ಸೂರ್ಯನಿಗೆ ಸೆಡ್ಡು ಹೊಡೆದ ಗರುಡಕ್ಕ

ನೀರಿಗಿಳಿದವರ ಕಣ್ಣು ಕೆಂಪಾಗುವುದು ಹೊಸದೇನಲ್ಲ. ಆದರೆ ದೊಡ್ಡ ಕೆರೆಯ ದೋಣಿ ಶೆಡ್ಡಿನಲ್ಲಿ ಕೆಂಪುಗಣ್ಣೆಂದರೆ ಪದಕ! ಇದಕ್ಕೆಲ್ಲ ಕಾರಣ, ಅಲ್ಲಿ ಕಯಾಕ್ ದೋಣಿ ಕಲಿಸುವ ಗರುಡಕ್ಕ. ಆಚೆ ದಡದ ಇರುವೆಯ ಮೀಸೆಯನ್ನು ಆಕೆ ಈಚೆ ದಡದಲ್ಲಿ ಕೂತು ಎಣಿಸಿದ್ದಳು. ನಂಬದವರು ಆ ಇರುವೆಯನ್ನೇ ಕೇಳಿ.

ಶೆಡ್ಡಿಗೆ ಒಂದು ಕಟ್ಟಳೆಯಿತ್ತು. ಕೈಗೆ ದೋಣಿಯ ಹುಟ್ಟು ಸಿಗಬೇಕಾದರೆ, ನಡುಮಧ್ಯಾಹ್ನ ಥಳಥಳಿಸುವ ನೀರನ್ನು ಕಣ್ಣು ಮಿಟುಕಿಸದೆ ನೋಡುತ್ತ ನೂರು ಎಣಿಸಬೇಕು. ತಂಪು ಕನ್ನಡಕ ಹಾಕಿಕೊಂಡು ಬಂದವರಿಗೆ ಇಡೀ ಶೆಡ್ಡು ಒಂದೇ ದನಿಯಲ್ಲಿ, "ಓಹೋ, ಹೀರೋ ಬಂದ್ರು! ಶೂಟಿಂಗ್ ಆ ಕಡೆ ಸಾರ್!" ಎನ್ನುತ್ತಿತ್ತು.

ಗರುಡಕ್ಕನ ತಂಗಿ ಕಣ್ಣಾಸ್ಪತ್ರೆಯ ನರ್ಸ್. ಹೇಳಿ ಹೇಳಿ ಅವಳ ನಾಲಿಗೆ ಅರ್ಧ ಸವೆದಿತ್ತು.

"ಅಕ್ಕಾ, ಬಿಸಿಲು ಮೇಲಿಂದಷ್ಟೇ ಅಲ್ಲ, ನೀರಿಂದ ಚಿಮ್ಮಿ ಕೆಳಗಿಂದಲೂ ಕಣ್ಣಿಗೆ ಹೊಡೆಯುತ್ತೆ."

"ಹೊಡೀಲಿ. ನಾನು ದುರುಗುಟ್ಟಿದ್ರೆ ಸೂರ್ಯಾನೇ ಮೋಡದ ಹಿಂದೆ ಅಡಗ್ತಾನೆ."

"ನಿನ್ನ ಕಣ್ಣಿನ ಮೂಲೇಲಿ ಮಾಂಸ ಬೆಳೀತಿದೆಯಲ್ಲ, ಅದೇನು?"

"ಮೂವತ್ತು ವರ್ಷದ ಸರ್ವಿಸ್ಸಿಗೆ ಕೆರೆ ಕೊಟ್ಟ ಬಹುಮಾನ ಕಣೇ!"

ಭಾನುವಾರ ಕೆರೆ ದಾಟುವ ಸ್ಪರ್ಧೆಯಿತ್ತು. ಗರುಡಕ್ಕ ಮತ್ತು ಅವಳ ಮಗಳದು ಒಂದೇ ದೋಣಿ. ಅದರ ಹಿಂದಿನ ಗುರುವಾರ ಮೋಡ ಮುಸುಕಿತ್ತು. ಮಗಳು ಅಗಲ ಅಂಚಿನ ಟೋಪಿ ಹಾಕಿಕೊಂಡು ಬಂದಳು. ಗರುಡಕ್ಕ ಅದನ್ನು ಕಿತ್ತು ಶೆಡ್ಡಿನ ಗೋಡೆಯ ಮೊಳೆಗೆ ತಗುಲಿಸಿ, "ಬಿಸಿಲೇ ಇಲ್ಲ, ಇದ್ಯಾತಕ್ಕೆ? ನಡಿ!" ಎಂದಳು. ಆರು ಗಂಟೆ ನೀರಿನ ಮೇಲೆ ಅಭ್ಯಾಸ. ನಡುವೆ ನಾಲ್ಕು ಸಲ ನೂರರ ಎಣಿಕೆ.

ಸಂಜೆ ಮಗಳು ಅಡುಗೆಮನೆಯ ಸಿಂಕಿಗೆ ಬಗ್ಗಿ ಕಣ್ಣಿಗೆ ನೀರೆರಚಿಕೊಳ್ಳುತ್ತಿದ್ದಳು.

"ಅಮ್ಮಾ, ಕಣ್ಣೊಳಗೆ ಒಂದು ಲಾರಿ ಮರಳು ಸುರಿದಂಗಿದೆ. ಬಿಡಕ್ಕೇ ಆಗ್ತಿಲ್ಲ!"

ಬಿರುಗಾಳಿಯನ್ನೇ ಗದರಿಸಿ ಕಳಿಸಿದ್ದ ಗರುಡಕ್ಕ ಎದ್ದೆನೋ ಬಿದ್ದೆನೋ ಎಂದು ಕಪಾಟಿಗೆ ಓಡಿದಳು. ಅದರೊಳಗಿಂದ ಯಾವುದೋ ಕಾಲದ ಔಷಧಿ ಬಾಟಲಿ ತೆಗೆದಳು. ಅಷ್ಟರಲ್ಲಿ ಕೂಗು ಕೇಳಿ ಪಕ್ಕದ ಮನೆಯ ತಂಗಿ ಓಡಿ ಬಂದಳು.

"ಅದನ್ನ ಕೆಳಗಿಡು! ಹಳೇ ಡ್ರಾಪ್ಸ್ ಹಾಕ್ಬೇಡ. ಪುಟ್ಟೀ, ಕಣ್ಣು ಉಜ್ಜಬೇಡ. ನಡೀರಿ, ಡಾಕ್ಟ್ರ ಹತ್ರ."

ಡಾಕ್ಟರು ಪರೀಕ್ಷಿಸಿದರು. "ಬಿಸಿಲಿಗೆ ಚರ್ಮ ಸುಡುತ್ತಲ್ಲ, ಹಾಗೇ ಕಣ್ಣಿನ ಮೇಲ್ಪದರ ಸುಟ್ಟಿದೆ. ಔಷಧಿ ಹಾಕಿ ಸುಮ್ಮನಿದ್ರೆ ಎರಡು ಮೂರು ದಿನದಲ್ಲಿ ವಾಸಿಯಾಗುತ್ತೆ. ಭಾನುವಾರ ಮಾತ್ರ ನೀರಿಗಿಳಿಯೋ ಹಾಗಿಲ್ಲ." ಆಮೇಲೆ ಟಾರ್ಚು ತಾಯಿಯತ್ತ ತಿರುಗಿತು. "ನಿಮ್ಮ ಕಣ್ಣಿನ ಮಾಂಸ ಕಪ್ಪುಗುಡ್ಡೆಯ ಅಂಚಿಗೆ ಬಂದಿದೆಯಮ್ಮ. ಇನ್ನೂ ಮುಂದೆ ಹೋದ್ರೆ ದೃಷ್ಟಿಗೇ ಅಡ್ಡ ಬರುತ್ತೆ."

"ಇವತ್ತು ಮೋಡ ಇತ್ತಲ್ಲ ಡಾಕ್ಟ್ರೇ!"

ತಂಗಿ ಬಿಡಲಿಲ್ಲ. "ಸೂರ್ಯನ ಕಾಣದ ಕಿರಣ ಮೋಡಕ್ಕೆಲ್ಲ ಹೆದರಲ್ಲ ಅಕ್ಕಾ. ಥೇಟ್ ನಿನ್ನ ಹಾಗೆ, ಯಾರ ಮಾತೂ ಕೇಳಲ್ಲ."

ಕಣ್ಣು ಮುಚ್ಚಿಕೊಂಡೇ ಮಗಳು ಹೇಳಿದಳು: "ಇನ್ಮೇಲೆ ನಾನು ನೂರು ಎಣಿಸಲ್ಲ. ಟೋಪಿ, ಕನ್ನಡಕ ಹಾಕ್ಕೊಂಡೇ ದೋಣಿ ಹತ್ತೋದು. ನಗೋರು ನಗ್ಲಿ. ಆಗಲ್ಲ ಅಂದ್ರೆ ನಿನ್ನ ಹುಟ್ಟು ನೀನೇ ಇಟ್ಕೋ."

ತಂಗಿಯೊಬ್ಬಳನ್ನು ಬಿಟ್ಟರೆ ಗರುಡಕ್ಕನಿಗೆ ಹೀಗೆ ಎದುರು ಮಾತಾಡಿದವರು ಮೂರು ಲೋಕದಲ್ಲೂ ಇರಲಿಲ್ಲ. ಗದರಿಸಲು ಹೊರಟಳು. ಊದಿದ ಆ ರೆಪ್ಪೆಗಳನ್ನು ನೋಡಿ, ಮಗಳ ಕೈ ಹಿಡಿದು ಮನೆಗೆ ಕರೆದೊಯ್ದಳು.

ಮರುದಿನ ಪೇಟೆಯಲ್ಲೇ ಅತಿ ಕಪ್ಪಾದ ಎರಡು ಕನ್ನಡಕ ತಂದಳು. ತಂಗಿ ಹಣೆ ಚಚ್ಚಿಕೊಂಡಳು. "ಬರೀ ಕಪ್ಪಿದ್ರೆ ಸಾಲದು! ಕತ್ತಲಲ್ಲಿ ಪಾಪೆ ಅಗಲವಾಗುತ್ತೆ, ಕಾಣದ ಕಿರಣ ಇನ್ನೂ ಒಳಗೆ ನುಗ್ಗುತ್ತೆ. ಆ ಕಿರಣ ತಡೆಯೋ 'ಯುವಿ 400' ಅಂತ ಬರೆದಿರ್ಬೇಕು. ಪಕ್ಕದಿಂದಲೂ ಬಿಸಿಲು ಬರದ ಹಾಗೆ ಕಣ್ಣನ್ನ ಸುತ್ತುವರಿದಿರ್ಬೇಕು. ಹಿಂದೆ ಪಟ್ಟಿ ಕಟ್ಟಿರ್ಬೇಕು, ಇಲ್ಲಾಂದ್ರೆ ಅದನ್ನ ಮೀನು ಹಾಕ್ಕೊಂಡು ಓಡಾಡುತ್ತೆ."

ಭಾನುವಾರ ತಾಯಿ ಮಗಳಿಲ್ಲದೆಯೇ ಸ್ಪರ್ಧೆ ನಡೆಯಿತು. ಮುಂದಿನ ವಾರ ಮಗಳ ಜೊತೆ ಗರುಡಕ್ಕ ಶೆಡ್ಡಿಗೆ ಬಂದಳು. ತಲೆಯ ಮೇಲೆ ಕೊಡೆಯಷ್ಟಗಲದ ಟೋಪಿ, ಕಣ್ಣಿಗೆ ತಂಗಿ ಹೇಳಿದಂಥದೇ ಕನ್ನಡಕ, ಹಿಂದೆ ಪಟ್ಟಿ.

"ಓಹೋ, ಹೀರೋ ಬಂದ್ರು!" ಎಂದಿತು ಒಂದು ದನಿ.

"ಹೀರೋಯಿನ್ನು ಕಣೋ!" ಗರುಡಕ್ಕ ತೊಡೆ ತಟ್ಟಿದ ಸದ್ದಿಗೆ ಕೆರೆ ಎರಡು ಅಡಿ ಹಿಂದೆ ಸರಿಯಿತು. "ಕಣ್ಣು ಸುಟ್ಕೊಳ್ಳೋದನ್ನ ಶೌರ್ಯ ಅಂದ್ಕೊಂಡಿದ್ದೆ. ಅದು ಸೂರ್ಯನಿಗೆ ಶರಣಾಗೋದು! ನಾನು ಎಂಬತ್ತರಲ್ಲೂ ಇರುವೆ ಮೀಸೆ ಎಣಿಸ್ತೀನಿ. ನನ್ನ ಕಣ್ಣಾಗಲಿ ನನ್ನ ಮಗಳ ಕಣ್ಣಾಗಲಿ ಅವನಿಗೆ ಬಿಟ್ಕೊಡಲ್ಲ. ಟೋಪಿ, ಕನ್ನಡಕ ಇಲ್ದೋರಿಗೆ ಇವತ್ತಿಂದ ಹುಟ್ಟು ಇಲ್ಲ. ನಗೋರು ಮುಂದೆ ಬನ್ನಿ!"

ಯಾರೂ ಬರಲಿಲ್ಲ. ಗರುಡಕ್ಕ ಮೊಳೆಯಿಂದ ಟೋಪಿ ತೆಗೆದು ತಾನೇ ಮಗಳ ತಲೆಗಿಟ್ಟಳು.

ದೋಣಿ ನಡೆಸುವವರೇ, ಅಲೆಯ ಮೇಲೆ ಜಾರುವವರೇ, ಈ ಕಥೆಯಲ್ಲಿ ಇರುವೆಯ ಮೀಸೆ ನಾನು ಕಟ್ಟಿದ್ದು, ಸುಟ್ಟ ಕಣ್ಣಿನ ಮಾತು ನಿಜ. ನೀರಿಗೆ ಹೋಗುವಾಗ ಅಗಲ ಟೋಪಿ, ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ, ಮೋಡವಿದ್ದರೂ ಸರಿ. ಕಣ್ಣು ಉರಿದರೆ ಉಜ್ಜದೆ ಡಾಕ್ಟರ ಬಳಿ ಹೋಗಿ. ಯಾರಾದರೂ ನಕ್ಕರೆ ಗರುಡಕ್ಕನ ವಿಳಾಸ ಕೊಡಿ.